ಪಹಣಿಗೆ ಸಿಗದ ಚರಿತ್ರೆ

ಜಮೀನು ಕೊಳ್ಳುವವರು ಪಹಣಿ, ಮ್ಯುಟೇಶನ್, ಋಣಭಾರ ಪತ್ರ ಎಲ್ಲವನ್ನೂ ತೆಗೆಸುತ್ತಾರೆ. ಆ ನೆಲದ ಪುರಾತತ್ತ್ವ ದಾಖಲೆ ಕೇಳುವವರು ಅಪರೂಪ. ಕೇಳಿದವರ ಕೈಗೂ ಬರುವುದು ಬಹುಮಟ್ಟಿಗೆ ದೂರದ ಲೆಕ್ಕವೇ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕ ಉಳಿಯಲು ಈ ಅಳತೆ ಬೇಕೇ ಬೇಕು. ಆದರೆ ‘ಹತ್ತಿರದಲ್ಲಿ ಸಂರಕ್ಷಿತ ಸ್ಮಾರಕವಿಲ್ಲ’ ಎಂಬ ಉತ್ತರವನ್ನು ‘ಇಲ್ಲಿ ಏನೂ ಇಲ್ಲ’ ಎಂದು ಓದಿಕೊಂಡು ಜೆಸಿಬಿ ಕರೆಸುವ ರೂಢಿ ಅನಾಹುತದ್ದು.

ದಾಖಲೆಗಳಿಗೇನೂ ನಮ್ಮಲ್ಲಿ ಬರವಿಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲೇ ಬಂತು. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಿವೆ, ಎಂ.ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಪ್ರಕಟಿಸಿದ್ದು 1936ರ ವರದಿಯಲ್ಲಿ. ಶ್ರದ್ಧೆಯ ಕೆಲಸ, ಇಂದಿಗೂ ಬೆರಗು ಹುಟ್ಟಿಸುವಂಥದ್ದು. ಆದರೆ ಅದೆಲ್ಲ ತಾಲ್ಲೂಕು, ಊರುಗಳ ಲೆಕ್ಕದಲ್ಲಿದೆ. ಶಾಸನದ ಕಲ್ಲು ಎಲ್ಲಿದೆ ಎಂದರೆ ಊರ ಪಕ್ಕದ ಹೊಲದಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಎದುರಿಗೆ. ಆ ಹೊಲ ಈಗ ಬಡಾವಣೆ, ಏರಿ ಈಗ ರಸ್ತೆ. ಕಂದಾಯ ಇಲಾಖೆಗೆ ಅರ್ಥವಾಗುವುದು ಸರ್ವೆ ನಂಬರು ಮಾತ್ರ. ಮಾಹಿತಿ ಹಕ್ಕಿನಡಿ 30 ದಿನದೊಳಗೆ ಉತ್ತರ ಕೊಡಬೇಕು, ನಿಜ. ಸರ್ವೆ ನಂಬರು ಹಾಕಿ ಕೇಳಿದರೆ ಹುಡುಕಿಕೊಡಲು ಅಂಥ ಪಟ್ಟಿಯೂ ಇರಬೇಕಲ್ಲ?

ಇಂಗ್ಲೆಂಡಿನಲ್ಲಿ ಕೌಂಟಿಗಳು ‘ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ರೆಕಾರ್ಡ್’ ಎಂಬ ದಾಖಲೆ ಇಟ್ಟಿವೆ. ಜಾಗ ತೋರಿಸಿ, ಸುತ್ತಳತೆ ಹೇಳಿ ಕೇಳಿದರೆ, ಸಂರಕ್ಷಣೆಯ ಪಟ್ಟಿ ಸೇರದ ಕುರುಹುಗಳೂ ಹಿಂದೆ ನಡೆದ ಅಗೆತಗಳೂ ಅದರಲ್ಲಿ ಸಿಗುತ್ತವೆ. ನನಗೆ ಹಿಡಿಸಿದ್ದು ಈ ಕೊನೆಯದು. ಅಗೆದು ನೋಡಿ ಏನೂ ಸಿಗದ ನೆಲವನ್ನೂ ಯಾರೂ ಅಗೆದೇ ನೋಡದ ನೆಲವನ್ನೂ ಅದು ಬೇರೆ ಬೇರೆಯಾಗಿ ತೋರಿಸಬಲ್ಲದು. ನಮ್ಮಲ್ಲಿ ಎರಡಕ್ಕೂ ಒಂದೇ ಮೌನ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಗಂಗ ದೊರೆ ಶ್ರೀಪುರುಷನ ಕಾಲದ, ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಎಂಟನೆಯ ಶತಮಾನದ ಕಲ್ಲು! ಅದು ಉಳಿದದ್ದು ಕಂಡವರ ಕಾಳಜಿಯಿಂದ, ಯಾವ ನಿರಾಕ್ಷೇಪಣಾ ಪತ್ರದಿಂದಲೂ ಅಲ್ಲ.

ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಸುತ್ತಲಿನ ಶಾಸನಗಳನ್ನು ಹುಡುಕಿ, ಸ್ಥಳ ಗುರುತಿಸಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಸರ್ಕಾರ ಮಾಡಬೇಕಾದ್ದು ಇದರ ಮುಂದಿನ ಹೆಜ್ಜೆ: ಆ ಸ್ಥಳಗಳನ್ನು ಸರ್ವೆ ನಕ್ಷೆಗೆ ಏರಿಸುವುದು, ಭೂಪರಿವರ್ತನೆಗೆ ಸಹಿ ಹಾಕುವ ಮೊದಲು ಅಧಿಕಾರಿ ಅದನ್ನು ನೋಡಲೇಬೇಕೆಂಬ ನಿಯಮ ತರುವುದು.