ಶಿರವಾಡ ನಿಲ್ದಾಣದಿಂದ ಎರಡು ರೈಲು

ಕದ್ವಾಡದಲ್ಲಿ ದಸರಾ ರಜೆಯ ಪ್ರವಾಸದ ಮಾತು ಬಂದರೆ ತೆಂಕಣಕ್ಕೋ ಬಡಗಣಕ್ಕೋ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಕಾರವಾರದ ರೈಲು ನಿಲ್ದಾಣ ಇರುವುದು ನಮ್ಮ ನೆರೆಯ ಶಿರವಾಡದಲ್ಲಿ. ಸಂಜೆ ಅಲ್ಲಿ ಪಂಚಗಂಗಾ ಹತ್ತಿ ಮಲಗಿದರೆ ಬೆಳಗಾಗುವಾಗ ಬೆಂಗಳೂರು. ಅದೇ ಸಂಜೆ ಮಂಗಳೂರು ಕಡೆಯಿಂದ ಬರುವ ಮತ್ಸ್ಯಗಂಧಾ ಹತ್ತಿದರೆ ಕಣ್ಣು ಬಿಡುವ ಹೊತ್ತಿಗೆ ಪನ್ವೇಲ್. ಬೆಂಗಳೂರಿಂದ ಮೈಸೂರು ರಸ್ತೆ ಹಿಡಿದರೆ ಬಿಡದಿಯ ವಂಡರ್‌ಲಾ ಆಟದ ಉದ್ಯಾನ. ಪನ್ವೇಲಿನಿಂದ ಘಟ್ಟದ ಬುಡಕ್ಕೆ ಸಾಗಿದರೆ ಅಂಥದೇ ಇನ್ನೊಂದು, ಖೋಪೋಲಿಯ ಇಮ್ಯಾಜಿಕಾ. ಎರಡರ ಮಗ್ಗುಲಲ್ಲೂ ಅವುಗಳದೇ ವಸತಿಯಿದೆ, ಎರಡಕ್ಕೂ ಒಂದು ರಾತ್ರಿಯ ದಾರಿ, ಎರಡರ ಟಿಕೆಟ್ಟೂ ಸಂಸಾರಸ್ಥನ ಜೇಬಿಗೆ ಸಣ್ಣದಲ್ಲ. ದೂರವೂ ದುಡ್ಡೂ ತೀರ್ಮಾನ ಮಾಡಿಕೊಡದ ಮೇಲೆ ರುಚಿಯೇ ಮಾಡಬೇಕು.

ಕಾಳಿ ಹೊಳೆಯ ದಡದ ಮಕ್ಕಳಿಗೆ ನೀರು ಹೊಸದಲ್ಲ. ಟ್ಯಾಗೋರ್ ಕಡಲತೀರದ ಮರಳು, ಅಲ್ಲೇ ನಿಂತಿರುವ ಚಾಪಲ್ ಯುದ್ಧನೌಕೆಯ ಕಬ್ಬಿಣದ ಏಣಿ, ಶಿಲಾವನದ ಹಾಲಕ್ಕಿ ಹೆಂಗಸರ ಪ್ರತಿಮೆಗಳು ಎಲ್ಲವೂ ಅವರಿಗೆ ರವಿವಾರದ ಸಂಗತಿಗಳು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಕಾಲಕ್ಕೆ ಇಲ್ಲಿಗೆ ಬಂದ ರವೀಂದ್ರನಾಥ ಟ್ಯಾಗೋರರು ಬೆಳದಿಂಗಳಲ್ಲಿ ಇದೇ ಹೊಳೆಯ ಮೇಲೆ ದೋಣಿಯಲ್ಲಿ ಹೋಗಿ ಬಂದದ್ದನ್ನು ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಆ ಬೆಳದಿಂಗಳು ಇಂದಿಗೂ ಪುಕ್ಕಟೆ. ಹೀಗಿರುವಾಗ ಊರು ಬಿಟ್ಟು ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗುವುದು ಬೇರೊಂದು ಬಗೆಯ ಬೆರಗಿಗೆ: ಮನುಷ್ಯರು ಅಳತೆ ಹಾಕಿ, ಲೆಕ್ಕ ಮಾಡಿ, ಇಲ್ಲಿ ಕಿರುಚಬೇಕು, ಇಲ್ಲಿ ನಗಬೇಕು ಎಂದು ಮೊದಲೇ ಯೋಚಿಸಿ ಕಟ್ಟಿದ ಬೆರಗಿಗೆ. ಅದೂ ಒಂದು ಕಲೆ. ಯಕ್ಷಗಾನದ ಮೇಳ ಇಡೀ ರಾತ್ರಿಯನ್ನು ಹೇಗೆ ಹದವಾಗಿ ಏರಿಸಿ ಇಳಿಸುತ್ತದೆಂದು ಬಲ್ಲವರು ಇದನ್ನೂ ಆ ಕಣ್ಣಿಂದ ನೋಡಬಹುದು ಎಂದು ನಾನು ನಂಬಿದ್ದೇನೆ.

ನಮ್ಮ ತಲೆಮಾರಿಗೆ ಈ ಕಲೆಯ ಮೊದಲ ಸುದ್ದಿ ತಂದದ್ದು ಮುಂಬಯಿ. 1989ರಲ್ಲಿ ಗೋರಾಯಿಯಲ್ಲಿ ಎಸ್ಸೆಲ್‌ವರ್ಲ್ಡ್ ತೆರೆಯಿತು. ಕಾರವಾರ, ಅಂಕೋಲೆಯ ಬಹಳಷ್ಟು ಮನೆಗಳಿಗೆ ಮುಂಬಯಿಯಲ್ಲಿ ಒಬ್ಬ ಮಾಮನೋ ಒಬ್ಬಳು ಮಾವಶಿಯೋ ಇದ್ದೇ ಇದ್ದರು. ಮೇ ರಜೆಗೆ ಅಲ್ಲಿ ಹೋಗಿ, ಖಾಡಿ ದಾಟಿ, ಆಡಿ ಬಂದ ಹುಡುಗರು ಇಡೀ ಮಳೆಗಾಲ ಅದನ್ನೇ ಹೇಳುತ್ತಿದ್ದರು. ಆಗ ಕೊಂಕಣ ರೈಲು ಇರಲಿಲ್ಲ; ರೋಹಾದಿಂದ ಮಂಗಳೂರಿನವರೆಗಿನ ಪೂರ್ತಿ ದಾರಿ ತೆರೆದದ್ದು 1998ರ ಜನವರಿಯಲ್ಲಿ. ಅಲ್ಲಿಯವರೆಗೆ ಬಸ್ಸಿನ ಒದ್ದಾಟವೇ. ಈಗ ಆರಿಸಿಕೊಳ್ಳುವ ಸುಖವಾದರೂ ಬಂದಿದೆ.

ಮೊದಲು ಬಡಗಣದ ಮಾತು. ಇಮ್ಯಾಜಿಕಾ ತೆರೆದದ್ದು 2013ರಲ್ಲಿ. ಅದನ್ನು ತೆರೆದ, ಆಡ್‌ಲ್ಯಾಬ್ಸ್ ಕಟ್ಟಿದ ಮನಮೋಹನ ಶೆಟ್ಟಿಯವರು ಸಿನಿಮಾದವರಾದ್ದರಿಂದ ಅಲ್ಲಿನ ಆಟಗಳಿಗೆಲ್ಲ ಕಥೆಯ ಬೆನ್ನೆಲುಬಿದೆ. ಮಿಸ್ಟರ್ ಇಂಡಿಯಾ ಚಿತ್ರವೇ ಒಂದು ಆಟ, ಆಲಿಬಾಬಾ ಒಂದು ಆಟ. ರಾಜಾಸಾರಸ್ ಹೆಸರಿನ ದೋಣಿಯಾಟ ನನಗೆ ಇಷ್ಟ. ಆ ಡೈನೋಸಾರ್ ಕಟ್ಟುಕತೆಯದಲ್ಲ. ನರ್ಮದೆಯ ಸೀಮೆಯಲ್ಲಿ, ಗುಜರಾತಿನ ನೆಲದಲ್ಲಿ ಸಿಕ್ಕ ಎಲುಬುಗಳಿಂದ ವಿಜ್ಞಾನಿಗಳು 2003ರಲ್ಲಿ ಗುರುತಿಸಿ ಹೆಸರಿಟ್ಟ ನಮ್ಮದೇ ನಾಡಿನ ಪ್ರಾಣಿ. ಹಾಲಿವುಡ್ಡಿನ ಪ್ರಾಣಿಯನ್ನು ಎರವಲು ತರದೆ ಇದನ್ನು ಆರಿಸಿದವರ ತಲೆಗೆ ಮೆಚ್ಚಬೇಕು. ಕತ್ತಲ ಸುರಂಗದಲ್ಲಿ ದೋಣಿ ತೇಲುವಾಗ ಮಕ್ಕಳು ಗಪ್‌ಚಿಪ್ಪಾಗುತ್ತಾರೆ. ದೋಣಿ ಗೊತ್ತು, ನೀರು ಗೊತ್ತು. ಆದರೆ ಕತ್ತಲೊಳಗಿಂದ ಕತ್ತು ಚಾಚುವ ಆ ಮುಖ ಕಾಳಿಯಲ್ಲಿ ಎಂದೂ ಕಂಡದ್ದಲ್ಲ.

ಐ ಫಾರ್ ಇಂಡಿಯಾ ಎಂಬುದು ಇನ್ನೊಂದು. ಸಾಲು ಸಾಲು ಕುರ್ಚಿಗಳು ನಮ್ಮನ್ನು ಕೂರಿಸಿಕೊಂಡು ಮೇಲೆದ್ದು, ಗುಮ್ಮಟದಂತೆ ಬಾಗಿದ ಭಾರೀ ತೆರೆಯ ಮುಂದೆ ಕಾಲು ಇಳಿಬಿಟ್ಟು ನಿಲ್ಲಿಸುತ್ತವೆ. ಆಮೇಲೆ ದೇಶದ ಮೇಲೆ ಹಾರಾಟ. ಅಮೆರಿಕದ ಡಿಸ್ನಿ ಉದ್ಯಾನದಲ್ಲಿ 2001ರಲ್ಲಿ ಬಂದ ಸೋರಿನ್ ಎಂಬ ಆಟ ಈ ದಾರಿ ತೋರಿಸಿತ್ತು. ಕಣ್ಣಿನ ಅಂಚಿನವರೆಗೂ ಚಿತ್ರವೇ ತುಂಬಿದಾಗ ಮೈ ನಂಬಿಬಿಡುತ್ತದೆ. ತೆರೆಯ ಮೇಲೆ ಬೆಟ್ಟದ ನೆತ್ತಿ ಬಂದರೆ ಗೊತ್ತಿಲ್ಲದೆ ಕಾಲು ಮಡಚಿಕೊಳ್ಳುತ್ತೇವೆ. ಪಕ್ಕದವರೂ ಮಡಚಿಕೊಂಡಿರುತ್ತಾರೆ.

ಆದರೆ ಖೋಪೋಲಿಯ ರತ್ನ ನೈಟ್ರೋ. ಸ್ವಿಟ್ಜರ್ಲೆಂಡಿನ ಬೋಲಿಗರ್ ಮತ್ತು ಮಬಿಯಾರ್ ಕಂಪನಿ ಮಾಡಿದ ರೋಲರ್ ಕೋಸ್ಟರ್; ಸುಮಾರು 40 ಮೀಟರ್ ಎತ್ತರ, ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗ, ಐದು ಸಲ ತಲೆಕೆಳಗು. ಹತ್ತಿ ಕೂತು, ಭುಜದ ಮೇಲಿನ ಕಬ್ಬಿಣ ಎದೆಗೆ ಅಮರಿದ ಮೇಲೆ, ಕಾಲ ಕೆಳಗಿನ ನೆಲವೇ ಜಾರಿ ಹೋಗುತ್ತದೆ. ಪಾದ ಗಾಳಿಯಲ್ಲಿ. ಆಮೇಲೆ ಸರಪಳಿಯ ಎಳೆತ, ಏರು, ಮೇಲೇರಿದಂತೆ ಸುತ್ತ ಸಹ್ಯಾದ್ರಿಯ ಹಸಿರು ಗೋಡೆ. ಇಂಜಿನಿನ ಕೆಲಸ ನೆತ್ತಿ ಮುಟ್ಟುವವರೆಗೆ ಮಾತ್ರ. ಅಲ್ಲಿಂದ ಮುಂದಿನದೆಲ್ಲ ಬೀಳುವ ಭಾರದ ಲೆಕ್ಕ: ಮೊದಲ ಇಳಿತದಲ್ಲಿ ಗಳಿಸಿದ ವೇಗವನ್ನೇ ಪ್ರತಿ ಸುತ್ತೂ ತುಸು ತುಸು ಖರ್ಚು ಮಾಡುತ್ತಾ ಕೊನೆಗೆ ನಿಲ್ದಾಣಕ್ಕೆ ಬಂದು ಮುಟ್ಟಬೇಕು. ಇಂಥ ಆಟಗಳ ಸುತ್ತುಗಳನ್ನು ದೂರದಿಂದ ಗಮನಿಸಿ ನೋಡಿ, ಅವು ಪೂರ್ಣ ವೃತ್ತಗಳಲ್ಲ. ಮೇಲಿನ ಬಾಗು ಕಿರಿದು, ಕೆಳಗಿನದು ಅಗಲ, ತಲೆಕೆಳಗಾದ ನೀರಹನಿಯ ಆಕಾರ. ಪೂರ್ಣ ವೃತ್ತವಾಗಿದ್ದರೆ ಕೆಳಗೆ ಹೊಕ್ಕುವಾಗ ಕತ್ತಿನ ಮೇಲೆ ತಡೆಯಲಾರದ ಭಾರ ಬೀಳುತ್ತಿತ್ತು. ಭಯವನ್ನು ಪೂರ್ತಿ ಕೊಟ್ಟು ಅಪಾಯವನ್ನು ಕಳೆದುಹಾಕುವ ಈ ಗಣಿತದಲ್ಲಿ ಒಂದು ಸೌಂದರ್ಯವಿದೆ.

ಸುತ್ತಲಿನ ಬೆಟ್ಟವನ್ನೂ ಲೆಕ್ಕಕ್ಕೆ ಸೇರಿಸಬೇಕು. ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಉದ್ಯಾನದ ಸುತ್ತ ಮಣ್ಣಿನ ದಿಬ್ಬ ಏರಿಸಿದ್ದರು, ಒಳಗಿದ್ದವರಿಗೆ ಹೊರಗಿನ ಊರು ಕಾಣಬಾರದೆಂದು. ಖೋಪೋಲಿಗೆ ಸಹ್ಯಾದ್ರಿಯೇ ಆ ದಿಬ್ಬ. ದಸರೆಯ ಹೊತ್ತಿಗೆ ಮಳೆಯ ಜೋರು ಇಳಿದರೂ ಹಸಿರು ಮಾಸಿರುವುದಿಲ್ಲ, ಅಲ್ಲಲ್ಲಿ ಬಿಳಿ ಝರಿಗಳೂ ಉಳಿದಿರುತ್ತವೆ. ಕದ್ವಾಡದ ಮೂಡಣಕ್ಕೆ ಕಾಣುವ ಬೆಟ್ಟಗಳ ಸಾಲೇ ಅಲ್ಲಿಯವರೆಗೆ ಹೋಗಿದೆ ಎಂದು ಮಕ್ಕಳಿಗೆ ಹೇಳಿದರೆ ಅವರು ನಂಬುವುದು ನಿಧಾನ. ಜೂನ್, ಜುಲೈಯಲ್ಲಿ ಮಾತ್ರ ಆ ಕಡೆ ಹೊರಡಬೇಡಿ. ಖೋಪೋಲಿಯ ಮಳೆ ನಮ್ಮ ಮಳೆಗೆ ಹೆಗಲೆಣೆ, ಮಳೆಗಾಲದ ವೇಳಾಪಟ್ಟಿಯಲ್ಲಿ ಕೊಂಕಣ ರೈಲೂ ನಿಧಾನ.

ಇನ್ನು ತೆಂಕಣ. ವಂಡರ್‌ಲಾ ಕಟ್ಟಿದವರು ವಿ-ಗಾರ್ಡ್‌ನ ಕೊಚೌಸೆಪ್ ಚಿಟ್ಟಿಲಪ್ಪಿಳ್ಳಿ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂದು ಶುರುಮಾಡಿ, 2005ರಲ್ಲಿ ಬಿಡದಿಗೆ ಬಂದರು. 82 ಎಕರೆ ಜಾಗ. ವೋಲ್ಟೇಜ್ ಸ್ಟೆಬಿಲೈಸರ್ ಮಾಡಿ ಹೆಸರಾದವರ ಕೈಗುಣ ಇಲ್ಲಿ ಕಾಣುತ್ತದೆ. ಕಥೆ ಕಟ್ಟುವ ಹಂಬಲ ಕಡಿಮೆ. ಯಂತ್ರ ಸರಿಯಾಗಿರಬೇಕು, ಕೊಳ ತಿಳಿಯಾಗಿರಬೇಕು, ಸಾಲು ಮುಂದೆ ಸಾಗಬೇಕು ಎಂಬ ಶಿಸ್ತು ಹೆಚ್ಚು. ಕೆಲವು ಆಟಗಳನ್ನು ಅವರೇ ತಯಾರಿಸಿಕೊಳ್ಳುತ್ತಾರೆ. ರಿಕಾಯ್ಲ್ ಎಂಬ ಕೋಸ್ಟರ್ ಹೋದ ದಾರಿಯಲ್ಲೇ ಬೆನ್ನು ಮುಂದಾಗಿ ಮರಳಿ ಬರುತ್ತದೆ. ಒಮ್ಮೆ ಕಂಡ ಸುತ್ತೇ ಹಿಮ್ಮುಖದಲ್ಲಿ ಕಾಣದ ಸುತ್ತಾಗುವುದು ಅದರ ಸೊಗಸು. ಸ್ಕೈ ವ್ಹೀಲ್ ಅಂದರೆ ಎತ್ತರದ ಗೋಪುರದ ನೆತ್ತಿಯ ಮೇಲೆ ತಿರುಗುವ ತೊಟ್ಟಿಲು ಚಕ್ರ. ಲಿಫ್ಟಿನಲ್ಲಿ ಮೇಲೆ ಹೋಗಿ ಹತ್ತಬೇಕು. ಇಮ್ಯಾಜಿಕಾ ಹೊರಗಿನದನ್ನು ಮರೆಸಿದರೆ ವಂಡರ್‌ಲಾ ಎತ್ತಿ ತೋರಿಸುತ್ತದೆ: ಬಯಲು, ತೆಂಗಿನ ತೋಟ, ದೂರಕ್ಕೆ ಬಂಡೆಗುಡ್ಡಗಳು. ಕರಾವಳಿಯ ಕಣ್ಣಿಗೆ ಆ ಬಯಲುಸೀಮೆಯ ಬೂದುಬಣ್ಣದ ವಿಸ್ತಾರವೇ ಒಂದು ನೋಟ.

ಬಿಡದಿಯ ಅಲೆಗಳ ಕೊಳದ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಉತ್ಸಾಹವಿರಲಿಲ್ಲ. ಕಡಲಿನವರಿಗೆ ಅಲೆ ತೋರಿಸುವುದೇ? ಹಾಗೆಂದುಕೊಂಡೇ ಹೋದೆವು. ಹತ್ತಿಬಟ್ಟೆಯಲ್ಲಿ ನೀರಿಗಿಳಿಯುವಂತಿಲ್ಲ, ನೈಲಾನ್ ಉಡುಪೇ ಬೇಕು. ಆಯಿ ಸೀರೆ ಬಿಟ್ಟು ಅದನ್ನು ತೊಡಲು ಬಹಳ ಹೊತ್ತು ಒಪ್ಪಲಿಲ್ಲ. ನನ್ನ ಅಕ್ಕ ಮೈತುಂಬ ಮುಚ್ಚುವ ಉಡುಪು ಹುಡುಕಿ ತಂದು ಒಪ್ಪಿಸಿದಳು. ಇಬ್ಬರೂ ಕೈ ಹಿಡಿದುಕೊಂಡು ಮೊಣಕಾಲಿನ ಆಳಕ್ಕೆ ಬಂದು ನಿಂತರು. ಭೋಂ ಎಂದು ಸೈರನ್ ಆಯಿತು. ಇಂಥ ಕೊಳಗಳಲ್ಲಿ ಆಳದ ಬದಿಯ ಗೋಡೆಯ ಹಿಂದೆ ಕೋಣೆಗಳಿರುತ್ತವೆ. ದೊಡ್ಡ ಫ್ಯಾನುಗಳು ಅವುಗಳೊಳಗೆ ಗಾಳಿ ನೂಕಿ ನೀರನ್ನು ಒತ್ತಿದಾಗ ಅದು ಅಲೆಯಾಗಿ ಹೊರಡುತ್ತದೆ, ದಡದ ಕಡೆ ಏರುತ್ತ ಬರುವ ನೆಲದ ಮೇಲೆ ಹರಡಿ ನೊರೆಯಾಗುತ್ತದೆ. ಮೊದಲ ಅಲೆ ಬಂದು ಸೊಂಟಕ್ಕೆ ತಾಗಿ ಹಿಂದೆ ಸರಿಯಿತು. ಆಯಿ ಕೆಳಗೆ ನೋಡಿದಳು. "ಇಲ್ಲಿ ಕಾಲಡಿಯ ಮರಳು ಓಡಿ ಹೋಗುದಿಲ್ಲಲ್ಲೇ!" ಎಂದಳು.

ಹುಟ್ಟಿದಾಗಿನಿಂದ ಕಡಲ ಪಕ್ಕ ಇದ್ದವಳು. ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿಂದ ಮರಳನ್ನು ಸೆಳೆದುಕೊಂಡು ಹೋಗುವ ಆ ಎಳೆತವೇ ಅವಳಿಗೆ ಕಡಲಿನ ಭಯ. ಆ ಎಳೆತ ಕಳೆದು ಬರೀ ಅಲೆ ಉಳಿಸಿಕೊಟ್ಟ ನೀರಿನಲ್ಲಿ ಅವಳು ಮಕ್ಕಳಿಗಿಂತ ಹೆಚ್ಚು ಆಡಿದಳು. ಅಲೆಯ ಸರದಿ ಮುಗಿದು ಕೊಳ ಸುಮ್ಮನಾದಾಗ ಹೊರಗೆ ಬರದೆ ಮುಂದಿನ ಸೈರನ್ನಿಗೆ ಕಾದು ನಿಂತಳು. ಕೃತಕ ಅಲೆಯನ್ನು ನಿಜದ ಅಲೆಯ ಬಡ ನಕಲು ಎನ್ನುವವರಿದ್ದಾರೆ. ಅದು ನಿಜದ ಅಲೆಯಿಂದ ಒಂದನ್ನು ಆರಿಸಿ ತೆಗೆದದ್ದು, ಉಳಿದುದನ್ನು ಬೇಕೆಂದೇ ಬಿಟ್ಟದ್ದು. ಹಾಡುಗಾರ್ತಿ ಒಂದು ಸ್ವರ ಬಿಟ್ಟು ರಾಗಕ್ಕೆ ಬೇರೆಯದೇ ಮುಖ ಕೊಡುತ್ತಾಳಲ್ಲ, ಆ ಬಗೆಯ ಬಿಡುವಿಕೆ.

ವಸತಿಯ ವಿಷಯ ಬೇಗ ಹೇಳಿಬಿಡುತ್ತೇನೆ. ವಂಡರ್‌ಲಾ ರೆಸಾರ್ಟ್ 2012ರಲ್ಲಿ ತೆರೆದದ್ದು, ಕೋಣೆಗಳು 84. ಖೋಪೋಲಿಯಲ್ಲಿ 2015ರಲ್ಲಿ ನೊವೊಟೆಲ್ ಹೆಸರಿನಲ್ಲಿ ಶುರುವಾದ ಹೋಟೆಲು ಅದಕ್ಕಿಂತ ದೊಡ್ಡದು, ಠಾಕಠೀಕು. ರೈಲಿನಿಂದ ಇಳಿದು ನೇರ ಆಟಕ್ಕೆ ನುಗ್ಗಿ ಸಂಜೆ ಮತ್ತೆ ರೈಲು ಹಿಡಿಯುವವರಿಗೆ ಎರಡೂ ಬೇಡ. ನನ್ನ ಮಾತು ಕೇಳುವುದಾದರೆ ಒಂದು ರಾತ್ರಿ ಉಳಿಯಿರಿ. ಆಟದ ದಿನದ ಅರ್ಧ ಸುಖ ರಾತ್ರಿಯ ಊಟದ ಮೇಜಿನಲ್ಲಿದೆ. ಯಾರು ಎಲ್ಲಿ ಕಿರುಚಿದರು, ಯಾರು ಕಣ್ಣು ಮುಚ್ಚಿಕೊಂಡಿದ್ದರು ಎಂಬುದು ಆಗ ಹೊರಬರುತ್ತದೆ. ಒಣಗಿದ ಕೂದಲು, ಚುರುಗುಡುವ ಮೂಗಿನ ತುದಿ, ಭರ್ಜರಿ ಹಸಿವು. ಮೀನು ಸಾರಿನ ನಾಲಗೆಗೆ ಎರಡೂ ಕಡೆಯ ಅಡಿಗೆ ಸಪ್ಪೆಯೇ, ಆದರೂ ಆ ರಾತ್ರಿ ಎಲ್ಲವೂ ರುಚಿ. ರೈಲಿಗೆ ಮಾತ್ರ ಮನೆಯ ಚಪಾತಿ, ಬಟಾಟೆ ಭಾಜಿ ಬಿಡಬೇಡಿ.

ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಆಟದ ಉದ್ಯಾನ ಏಕೆ ಬೇಡ ಎಂದು ಕೇಳಿದವರಿದ್ದಾರೆ. ಅರಮನೆ, ಮೃಗಾಲಯಗಳ ಜೊತೆ ಒಂದು ದಿನಕ್ಕೆ ಅದು ಚೆನ್ನಾಗಿಯೇ ಒದಗುತ್ತದೆ. ಅದಕ್ಕೆಂದೇ ಇಷ್ಟು ದೂರ ಹೋಗುವುದು ಕಷ್ಟ.

ತೀರ್ಮಾನ ಹೇಳಲೇಬೇಕಾದರೆ ನನ್ನದು ಹೀಗೆ. ಕಟ್ಟಿದ ಕಲೆಯಾಗಿ ಇಮ್ಯಾಜಿಕಾ ಮೇಲು. ನೈಟ್ರೋದ ಆ ಇಳಿತಕ್ಕೆ ಸರಿಗಟ್ಟುವುದನ್ನು ಬಿಡದಿಯಲ್ಲಿ ನಾನು ಕಂಡಿಲ್ಲ. ಆದರೆ ಅಲ್ಲಿನ ಉತ್ತಮವಾದದ್ದನ್ನು ಮನೆಮಂದಿ ಎರಡು ಪಾಲಾಗಿ ಅನುಭವಿಸಬೇಕಾಗುತ್ತದೆ: ಹತ್ತುವವರು ಮೇಲೆ, ಚೀಲ ಕಾಯುವವರು ಬೆಂಚಿನ ಮೇಲೆ. ಬಿಡದಿಯ ಉತ್ತಮವಾದದ್ದು ನೀರಿನಲ್ಲಿದೆ, ನೀರಿಗೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಅಜ್ಜಿಯಿದ್ದರೆ, ಎತ್ತರದ ಗೆರೆ ಮುಟ್ಟದ ಮಗುವಿದ್ದರೆ ಪಂಚಗಂಗಾ ಹತ್ತಿ. ಮನೆಯಲ್ಲಿ ಎಲ್ಲರೂ ಗಟ್ಟಿ ಎದೆಯವರಾದರೆ, ಕಥೆಯ ಹುಚ್ಚಿನ ಮಕ್ಕಳಾದರೆ ಮತ್ಸ್ಯಗಂಧಾ.

ಮತ್ಸ್ಯಗಂಧಾ ಹತ್ತಿದವರಿಗೆ ಇನ್ನೊಂದು ಮಾತು. ನೈಟ್ರೋದ ಸಾಲಿನಲ್ಲಿ ಎಲ್ಲರೂ ಮೊದಲ ಆಸನಕ್ಕೆ ಮುಗಿಬೀಳುತ್ತಾರೆ. ಅಲ್ಲಿ ಕೂತವರಿಗೆ ಇಳಿತ ಪೂರ್ತಿ ಕಾಣುತ್ತದೆ, ಆದರೆ ಹಿಂದಿನ ಬಂಡಿಗಳು ಇನ್ನೂ ಏರುತ್ತಿರುವುದರಿಂದ ಅವರು ನೆತ್ತಿ ದಾಟಿದ ಮೇಲೂ ಒಂದು ಗಳಿಗೆ ತೂಗಾಡುತ್ತಾರೆ. ಕೊನೆಯ ಸಾಲಿನವರು ನೆತ್ತಿಗೆ ಬರುವಷ್ಟರಲ್ಲಿ ಮುಂದಿನ ಭಾರವೆಲ್ಲ ಇಳಿಯಲು ತೊಡಗಿರುತ್ತದೆ. ಅದು ಅವರನ್ನು ಆಸನದಿಂದ ಕಿತ್ತು ಎಳೆದೊಯ್ಯುತ್ತದೆ. ನೋಡಬೇಕೆಂದಿದ್ದರೆ ಮುಂದೆ ಕೂರಿ. ಬೀಳಬೇಕೆಂದಿದ್ದರೆ ಕೊನೆಯ ಸಾಲು, ಬಲಬದಿಯಾದರೂ ಸರಿ ಎಡಬದಿಯಾದರೂ ಸರಿ.