ಎರಳೆ, ಹುಲ್ಲೆ, ಜಿಂಕೆ: ಕಾವ್ಯಾರ್ಥದಲ್ಲಿ ದೇಶ್ಯಮೃಗಗಳ ವಿಚಾರ

ಹಳಗನ್ನಡ ನಡುಗನ್ನಡ ಕಾವ್ಯಭಾಗಗಳಿಗೆ ಅರ್ಥ ಬರೆಯುವವರಲ್ಲಿ ಒಂದು ವಾಡಿಕೆ ಬೇರೂರಿದೆ. ಎರಳೆ ಎಂದರೆ ಜಿಂಕೆ. ಹುಲ್ಲೆ ಎಂದರೆ ಜಿಂಕೆ. ಚಿಗರಿ, ಹರಿಣ, ಕುರಂಗ, ಸಾರಂಗ ಇವೆಲ್ಲವೂ ಜಿಂಕೆಯೇ. ಹೀಗೆ ಬರೆದಮಾತ್ರಕ್ಕೆ ವ್ಯಾಖ್ಯಾನಕಾರನ ಹೊಣೆ ತೀರಿತೆಂದೂ ವಿದ್ಯಾರ್ಥಿಯ ಸಂದೇಹ ನೀಗಿತೆಂದೂ ಭಾವಿಸಲಾಗುತ್ತದೆ. ಆದರೆ ಜಿಂಕೆಯೆಂಬ ಮಾತನ್ನು ಕೇಳಿದ ಇಂದಿನ ವಿದ್ಯಾರ್ಥಿಯ ಕಣ್ಣಮುಂದೆ ನಿಲ್ಲುವುದು ಮೈತುಂಬ ಬಿಳಿಯ ಚುಕ್ಕೆಗಳೂ ತಲೆಯ ಮೇಲೆ ಕವಲೊಡೆದ ಕೊಂಬುಗಳೂ ಉಳ್ಳ ಕಾಡಿನ ಮೃಗ. ಕವಿಯು ಕಂಡು ವರ್ಣಿಸಿದ್ದು ಆ ಮೃಗವನ್ನೇ ಎಂಬುದು ವಿಚಾರಾರ್ಹವಾದ ವಿಷಯ. ಅಲ್ಲವೆಂದಾದರೆ ಅರ್ಥ ಹೇಳಿದ ಹಾಗೆಯೇ ಅರ್ಥ ಕೆಟ್ಟಿತೆಂದು ಒಪ್ಪಬೇಕಾಗುತ್ತದೆ.

ಈ ವಿಚಾರಕ್ಕೆ ಗ್ರಂಥಗಳೊಡನೆ ನೆಲವೂ ಸಾಕ್ಷಿ ಹೇಳುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಸೀಮೆಯು ಮಲೆನಾಡಿನ ಮಳೆಯ ಮರೆಯಲ್ಲಿ ಬಿದ್ದ ಒಣನಾಡು. ಹೊಸದುರ್ಗ ತಾಲ್ಲೂಕಿನ ಹೋಬಳಿಯಾದ ಮಾಡದಕೆರೆಯಂತಹ ಊರುಗಳ ಹೆಸರಿನಲ್ಲಿಯೇ ಕೆರೆ ಸೇರಿರುವುದು ಇಲ್ಲಿ ನೀರಿನ ಬೆಲೆ ಎಷ್ಟೆಂಬುದನ್ನು ತಿಳಿಸುತ್ತದೆ. ವೇದಾವತಿಗೆ ಹಿರಿಯೂರಿನ ಬಳಿ ಕಟ್ಟಿದ ಮಾರಿಕಣಿವೆಯ ಅಣೆಕಟ್ಟು ೧೯೦೭ರಲ್ಲಿ ಮುಗಿಯುವವರೆಗೆ ಈ ಸೀಮೆಯ ಬಾಳೆಲ್ಲ ಕೆರೆಯನ್ನೂ ಮಳೆಯನ್ನೂ ನೆಚ್ಚಿದ್ದಿತು. ಒಂದು ಕಡೆ ಬಂಡೆಗಲ್ಲಿನ ಗುಡ್ಡಗಳೂ ಅವುಗಳ ಮಗ್ಗುಲಿನ ಕುರುಚಲು ಕಾಡೂ, ಇನ್ನೊಂದು ಕಡೆ ಮರವಿಲ್ಲದ ಹುಲ್ಲಿನ ಕಾವಲುಗಳೂ ಇಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಆದುದರಿಂದ ಬೇರೆಬೇರೆ ನೆಲೆಯ ಮೃಗಗಳು ಸಮೀಪದಲ್ಲಿಯೇ ಕಾಣಸಿಗುತ್ತವೆ. ಜನರೂ ಅವುಗಳನ್ನು ಬೇರೆಬೇರೆ ಹೆಸರಿನಿಂದ ಕರೆದಿದ್ದಾರೆ.

ಬಯಲಿನ ಹುಲ್ಲಿನಲ್ಲಿ ಹಿಂಡಾಗಿ ಬಾಳುವುದು ಚಿಗರಿ, ಎಂದರೆ ಕೃಷ್ಣಮೃಗ. ಇದರ ಸಹಜವಾದ ನೆಲೆ ಭಾರತ ಉಪಖಂಡವೊಂದೇ. ಬೆಳೆದ ಗಂಡಿನ ಬೆನ್ನು ಕಪ್ಪು, ಕೊಂಬು ತಿರುಪಿನಂತೆ ಸುತ್ತಿಕೊಂಡದ್ದು. ಹೆಣ್ಣಿನ ಮೈ ಕಂದುಬಣ್ಣ, ತಲೆಗೆ ಸಾಮಾನ್ಯವಾಗಿ ಕೊಂಬಿಲ್ಲ. ಗುಡ್ಡದ ಕುರುಚಲಿನಲ್ಲಿ ಒಂಟಿಯಾಗಿಯೋ ಜೋಡಿಯಾಗಿಯೋ ಅಡಗಿರುವುದು ಕೊಂಡುಕುರಿ. ಇದರ ಗಂಡಿಗೆ ನಾಲ್ಕು ಕೊಂಬುಗಳು. ಇಂತಹ ಮೃಗ ಭಾರತ ಮತ್ತು ನೇಪಾಳಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಮೂರನೆಯದು ಚಿಂಕಾರ. ನೀರು ಕಡಮೆಯಾದ ನೆಲದಲ್ಲಿಯೂ ಬಾಳಬಲ್ಲ ಈ ಸಣ್ಣ ಮೃಗದಲ್ಲಿ ಗಂಡುಹೆಣ್ಣುಗಳೆರಡಕ್ಕೂ ಕೊಂಬುಂಟು. ಹಿರಿಯೂರಿಗೆ ನೆರೆಯ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಈಗ ತಿಳಿದಿರುವಂತೆ ಇದರ ನೆಲೆಯ ದಕ್ಷಿಣದ ಅಂಚು. ಈ ಮೂರರ ಕೊಂಬುಗಳೂ ಕವಲೊಡೆಯುವುದಿಲ್ಲ, ಉದುರುವುದಿಲ್ಲ. ಚುಕ್ಕೆಯ ಮೃಗದ ಮತ್ತು ಕಡವೆಯ ಕೊಂಬುಗಳಾದರೋ ಕವಲೊಡೆದು ಬೆಳೆಯುತ್ತವೆ, ಕಾಲಕ್ಕೆ ಸರಿಯಾಗಿ ಉದುರಿ ಮತ್ತೆ ಮೂಡುತ್ತವೆ. ಇವು ಎರಡು ಬೇರೆ ಕುಲಗಳು.

ಈ ಭೇದವನ್ನು ಹಿಂದಿನವರ ಮಾತು ಅರಿತಿದ್ದಿತೆಂಬುದಕ್ಕೆ ಸಾಕ್ಷ್ಯವುಂಟು. ೧೮೬೭ರಲ್ಲಿ ಹೊರಬಂದ ಟಿ. ಸಿ. ಜರ್ಡನ್ನನ ಗ್ರಂಥದಲ್ಲಿಯೂ ೧೮೮೮ರಿಂದ ೧೮೯೧ರವರೆಗೆ ಪ್ರಕಟವಾದ ಡಬ್ಲ್ಯು. ಟಿ. ಬ್ಲಾನ್‌ಫೋರ್ಡನ ಗ್ರಂಥದಲ್ಲಿಯೂ ಭಾರತದ ಸಸ್ತನಿಗಳಿಗೆ ದೇಶಭಾಷೆಗಳಲ್ಲಿದ್ದ ಹೆಸರುಗಳನ್ನು ಕೂಡಿಸಿ ಕೊಟ್ಟಿದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕಾರಣ ಉಚ್ಚಾರಣೆಯಲ್ಲಿ ಅಲ್ಲಲ್ಲಿ ತೊಡಕಿದ್ದರೂ ವಿಷಯ ಸ್ಪಷ್ಟವಾಗಿದೆ. ಕೃಷ್ಣಮೃಗಕ್ಕೆ ಕನ್ನಡದಲ್ಲಿ ಚಿಗರಿ, ಹುಲ್ಲೆಕರ, ಚಿಂಕಾರಕ್ಕೆ ಮೈಸೂರು ಸೀಮೆಯಲ್ಲಿ ಸಂಕಹುಲ್ಲೆ, ನಾಲ್ಕು ಕೊಂಬಿನದಕ್ಕೆ ಕೊಂಡುಕುರಿ, ಚುಕ್ಕೆಯ ಮೃಗಕ್ಕೆ ಸಾರಗ, ಕಡವೆಗೆ ಕಡವೆ. ಹುಲ್ಲೆಯೆಂಬ ಮಾತು ಕವಲಿಲ್ಲದ ಕೊಂಬಿನ ಎರಡು ಮೃಗಗಳ ಹೆಸರುಗಳಲ್ಲಿ ಬಂದು, ಕವಲುಕೊಂಬಿನವುಗಳಲ್ಲಿ ಬಾರದಿರುವುದನ್ನು ಗಮನಿಸಬೇಕು. ಕಿಟ್ಟೆಲರ ೧೮೯೪ರ ನಿಘಂಟಿನಲ್ಲಿಯೂ ಹುಲ್ಲೆಗೆ ಕೊಟ್ಟ ಅರ್ಥ ಈ ಕುಲಕ್ಕೇ ಸಲ್ಲುತ್ತದೆ.

ಜಿಂಕೆಯೆಂಬ ಶಬ್ದದ ಕಥೆ ಇನ್ನೂ ಸ್ವಾರಸ್ಯವಾಗಿದೆ. ತೆಲುಗಿನಲ್ಲಿ ಜಿಂಕ ಎಂಬುದು ಕೃಷ್ಣಮೃಗದ ಹೆಸರು. ಆಂಧ್ರಪ್ರದೇಶದ ರಾಜ್ಯಮೃಗವನ್ನು ಇಂದಿಗೂ ಕೃಷ್ಣಜಿಂಕವೆಂದೇ ಕರೆಯುತ್ತಾರೆ. ಅದೇ ಭಾಷೆಯಲ್ಲಿ ಗಂಡಿಗೆ ಇಱ್ಱಿಯೆಂದೂ ಹೆಣ್ಣಿಗೆ ಲೇಡಿಯೆಂದೂ ಬೇರೆಬೇರೆ ಹೆಸರುಗಳಿರುವುದು ಗಂಡುಹೆಣ್ಣುಗಳ ಬಣ್ಣವೇ ಬೇರೆಯಾದ ಈ ಮೃಗಕ್ಕೆ ಒಪ್ಪುವಂತಿದೆ. ಇದನ್ನು ನೋಡಿದರೆ ಜಿಂಕೆಯೂ ಮೊದಲು ಬಯಲಿನ ಹುಲ್ಲೆಯ ಹೆಸರಾಗಿದ್ದು, ಕಾಲಕ್ರಮದಲ್ಲಿ ಕಾಡಿನ ಚುಕ್ಕೆಯ ಮೃಗಕ್ಕೆ ಅಂಟಿಕೊಂಡಿತೆಂದು ತೋರುತ್ತದೆ. ಹಾಗಾದರೆ ಹಳೆಯ ವ್ಯಾಖ್ಯಾನಕಾರನು ಎರಳೆಗೆ ಜಿಂಕೆಯೆಂದು ಬರೆದುದು ಅವನ ಕಾಲಕ್ಕೆ ತಪ್ಪಾಗಿರಲಾರದು. ಶಬ್ದ ಜಾರಿದಮೇಲೆಯೂ ಅದೇ ಅರ್ಥವನ್ನು ಪ್ರತಿಮಾಡಿಕೊಂಡು ಬಂದುದೇ ತಪ್ಪು.

ಈ ತಪ್ಪಿನಿಂದ ಕಾವ್ಯಕ್ಕೆ ಆಗುವ ಹಾನಿಯನ್ನು ಎಲ್ಲರೂ ಬಲ್ಲ ಎರಡು ಪ್ರಸಂಗಗಳಿಂದ ತೋರಿಸಬಹುದು. ಮೊದಲನೆಯದು ಶಾಕುಂತಲದ ಪ್ರಥಮಾಂಕ. ಬಸವಪ್ಪಶಾಸ್ತ್ರಿಗಳ ಕರ್ಣಾಟಕ ಶಾಕುಂತಲ ನಾಟಕದ ಮೂಲಕ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡಿಗರಿಗೆ ಪರಿಚಿತವಾದ ಈ ಸನ್ನಿವೇಶದಲ್ಲಿ ದುಷ್ಯಂತನು ರಥವೇರಿ ಅಟ್ಟಿಬರುವುದು ಕೃಷ್ಣಸಾರವನ್ನು. ಹಳ್ಳತಿಟ್ಟಿನ ನೆಲದಲ್ಲಿ ಲಗಾಮನ್ನು ಬಿಗಿಹಿಡಿದುದರಿಂದ ಮೃಗ ದೂರವಾಯಿತೆಂದೂ ಈಗ ಸಮನೆಲ ಬಂದಿತೆಂದೂ ಸೂತನು ಹೇಳುತ್ತಾನೆ. ಮೃಗವು ಮತ್ತೆಮತ್ತೆ ಕೊರಳನ್ನು ತಿರುಗಿಸಿ ರಥವನ್ನು ನೋಡುತ್ತದೆ. ಅರ್ಧ ಅಗಿದ ದರ್ಭೆ ಅದರ ಬಾಯಿಂದ ದಾರಿಯುದ್ದಕ್ಕೂ ಉದುರುತ್ತದೆ. ಅದರ ನೆಗೆತ ನೆಲಕ್ಕಿಂತ ಹೆಚ್ಚಾಗಿ ಆಕಾಶಕ್ಕೆ ಸೇರಿದುದಾಗಿ ಕಾಣುತ್ತದೆ. ಇದು ಸರ್ವಾಂಶದಲ್ಲಿಯೂ ಬಯಲಿನ ಮೃಗದ ಓಟ. ಬಯಲಿನ ಹುಲ್ಲೆಯು ಅವಿತುಕೊಳ್ಳುವುದನ್ನು ನೆಚ್ಚದೆ ವೇಗವನ್ನು ನೆಚ್ಚುತ್ತದೆ. ಗಾಬರಿಯಾದಾಗ ನೆಗೆನೆಗೆದು ಓಡುತ್ತದೆ. ಅಟ್ಟುವವನ ಕಣ್ಣಿಗೆ ಬಹುದೂರ ಕಾಣುತ್ತಲೇ ಇರುತ್ತದೆ. ರಥ ಓಡುವಂತಹ ನೆಲ, ಹುಲ್ಲು ಮೇಯುವ ಮೃಗ, ಮರೆಯಿಲ್ಲದ ನೋಟ ಈ ಮೂರೂ ಸೇರಿದರೆ ಮಾತ್ರ ಆ ವರ್ಣನೆ ನಿಲ್ಲುತ್ತದೆ. ಇಲ್ಲಿ ಚುಕ್ಕೆಯ ಮೃಗವನ್ನು ಕಲ್ಪಿಸಿಕೊಂಡ ವಿದ್ಯಾರ್ಥಿಗೆ ಅದು ಹತ್ತಿರದ ಪೊದೆಯನ್ನು ಹೊಕ್ಕು ಮರೆಯಾಗಬಾರದಿತ್ತೆ ಎಂಬ ಸಂದೇಹ ಬಂದರೆ ಅದು ಅವನ ದೋಷವಲ್ಲ.

ಎರಡನೆಯದು ರಾಮಾಯಣದ ಮಾಯಾಮೃಗ. ಜೈನಸಂಪ್ರದಾಯವನ್ನು ಹಿಡಿದ ನಾಗಚಂದ್ರನ ಕಾವ್ಯದಲ್ಲಿ ಈ ಪ್ರಸಂಗವೇ ಇಲ್ಲ. ವಾಲ್ಮೀಕಿಯ ಜಾಡಿನಲ್ಲಿ ನಡೆದ ತೊರವೆ ರಾಮಾಯಣದಲ್ಲಿ ಉಂಟು. ವಾಲ್ಮೀಕಿಯ ಹೊನ್ನಿನ ಮೃಗದ ಮೈಮೇಲೆ ಬೆಳ್ಳಿಯ ಚುಕ್ಕೆಗಳಿವೆ. ಅದು ರಾಮನ ಕಣ್ಣಿಗೆ ಒಮ್ಮೆ ಕಾಣುತ್ತದೆ, ಮತ್ತೊಮ್ಮೆ ಕಾಣದಾಗುತ್ತದೆ. ಹೀಗೆ ತೋರಿ ಮರೆಯಾಗುತ್ತ ಅವನನ್ನು ದೂರಕ್ಕೆ ಸೆಳೆಯುತ್ತದೆ. ಬಯಲಿನಲ್ಲಿ ಇದು ಸಾಗದು. ಎಲೆಗಳ ನಡುವೆ ಬಿದ್ದ ಬಿಸಿಲಿನ ತುಣುಕುಗಳೊಡನೆ ಮೈಯ ಚುಕ್ಕೆಗಳು ಬೆರೆತುಹೋಗುವ ಕಾಡಿನ ಮೃಗಕ್ಕೆ ಮಾತ್ರ ಈ ಮಾಯೆ ಸಹಜ. ಮಾರೀಚನ ವಂಚನೆ ರೂಪದಲ್ಲಿದ್ದಂತೆ ನಡೆಯಲ್ಲಿಯೂ ಇದೆಯೆಂಬ ಕವಿಯ ಇಂಗಿತ ಇಲ್ಲಿ ಸಾರ್ಥಕವಾಗಿದೆ. ಒಂದು ಕಥೆಯಲ್ಲಿ ಮೃಗ ಕಾಣುತ್ತಲೇ ಇದ್ದು ಕೈಗೆ ಸಿಗುವುದಿಲ್ಲ. ಇನ್ನೊಂದರಲ್ಲಿ ಕಾಣದೆ ಕಾಡುತ್ತದೆ. ಎರಡಕ್ಕೂ ಜಿಂಕೆಯೆಂದು ಒಂದೇ ಅರ್ಥ ಬರೆದಾಗ ಇಬ್ಬರು ಮಹಾಕವಿಗಳ ಎರಡು ಬಗೆಯ ನೋಟಗಳು ಒಂದೇ ಮುದ್ದೆಯಾಗುತ್ತವೆ.

ಹಳಗನ್ನಡದ ಬೇಟೆಯ ಭಾಗಗಳಿಗೂ ಈ ಮಾತು ಅನ್ವಯಿಸುತ್ತದೆ. ಪಂಪಭಾರತದ ಪಂಚಮಾಶ್ವಾಸದ ಬೇಂಟೆಯನ್ನು ಓದಿದವರಿಗೆ ಕವಿಗೆ ಆ ವಿದ್ಯೆಯಲ್ಲಿದ್ದ ಪರಿಣತಿ ವಿದಿತವಾಗಿದೆ. ಹಳೆಯ ಬೇಟೆಗಾರರ ಪರಿಭಾಷೆಯಲ್ಲಿ ದೀವವೆಂದರೆ ಕಾಡಿನ ಮೃಗವನ್ನು ಸೆಳೆಯಲು ಮುಂದೆ ಬಿಡುವ ಪಳಗಿದ ಮೃಗ. ಗಂಡು ಚಿಗರಿ ತನ್ನ ಎಲ್ಲೆಯೊಳಕ್ಕೆ ಬಂದ ಇನ್ನೊಂದು ಗಂಡನ್ನು ಸಹಿಸದೆ ಎದುರಿಸಿ ಬರುತ್ತದೆಂಬುದನ್ನು ತಿಳಿದರೆ ಈ ಉಪಾಯದ ಮರ್ಮ ತಾನಾಗಿ ಬಿಡಿಸಿಕೊಳ್ಳುತ್ತದೆ. ತಿಳಿಯದಿದ್ದರೆ ಅದು ನಿಘಂಟಿನ ಒಂದು ಒಣ ಶಬ್ದ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಕವಿಗಳೇ ಈ ಶಬ್ದಗಳನ್ನು ಸಡಿಲವಾಗಿ ಬಳಸಿದ್ದಾರೆ. ಕಣ್ಣಿಗೆ ಹೋಲಿಕೆ ಬೇಕಾದಾಗ ಎರಳೆಯೂ ಹರಿಣವೂ ಒಂದೇ. ದ್ವಿತೀಯಾಕ್ಷರಪ್ರಾಸದ ಕಟ್ಟೂ ಇದೆ: ರಕಾರ ಬೇಕಾದ ಕಡೆ ಎರಳೆ ಬರುತ್ತದೆ, ಲಕಾರದ ಒತ್ತು ಬೇಕಾದ ಕಡೆ ಹುಲ್ಲೆ ಬರುತ್ತದೆ. ಸಂಸ್ಕೃತಕ್ಕೆ ಕನ್ನಡವನ್ನು ಸರಿಗಟ್ಟುವ ಹಳೆಯ ನಿಘಂಟುಗಳು ಮೃಗಗಳ ಕುಲಭೇದವನ್ನು ಹೇಳಲು ಹೊರಟವುಗಳಲ್ಲ. ಈ ಆಕ್ಷೇಪಗಳು ಯುಕ್ತವಾದುವೇ. ಆದುದರಿಂದ ಎರಳೆಯೆಂದಲ್ಲೆಲ್ಲ ಕೃಷ್ಣಮೃಗವೆಂದು ಹೊಸದೊಂದು ಸೂತ್ರವನ್ನು ಹೂಡುವುದು ಹಳೆಯ ತಪ್ಪನ್ನು ತಿರುಗಿಸಿ ಮಾಡಿದಂತಾದೀತು. ಶಬ್ದಮಾತ್ರವನ್ನು ನೋಡದೆ ವರ್ಣನೆಯನ್ನು ನೋಡುವುದೇ ಸರಿಯಾದ ಒರೆಗಲ್ಲು. ಕವಿಯು ಹಿಂಡನ್ನು ಹೇಳುತ್ತಾನೆಯೋ ಒಂಟಿತನವನ್ನೋ, ಬಯಲನ್ನೋ ಪೊದೆಯನ್ನೋ, ಓಟವನ್ನೋ ಅಡಗುವುದನ್ನೋ, ಕೊಂಬಿನ ತಿರುಪನ್ನೋ ಕವಲನ್ನೋ ಎಂಬುದನ್ನು ಪರೀಕ್ಷಿಸಿ ಅರ್ಥ ಬರೆಯಬೇಕು. ಇಂತಹ ಗುರುತೊಂದೂ ಇಲ್ಲದೆಡೆ ಹುಲ್ಲೆಯನ್ನು ಹುಲ್ಲೆಯೆಂದೇ ಬಿಡುವುದು ಲೇಸು.

ಕೊಂಡುಕುರಿಯ ಸ್ಥಿತಿ ಇವೆಲ್ಲಕ್ಕಿಂತ ಬೇರೆ. ಹಿಂಡಿನ ಸೊಬಗಿಲ್ಲ, ನೀಳವಾದ ಕೊಂಬಿಲ್ಲ, ಜನರೆದುರಿಗೆ ಸುಳಿಯುವ ಸ್ವಭಾವವಿಲ್ಲ. ಕವಿಸಮಯದಲ್ಲಿ ಅದಕ್ಕೆ ಎಡೆ ದೊರೆಯಲಿಲ್ಲ; ಕುರಿ ಕಾಯುವವರ ನಾಲಗೆಯೇ ಅದಕ್ಕೆ ಕುರಿಯೆಂಬ ನೆಂಟಸ್ತಿಕೆಯ ಹೆಸರನ್ನಿಟ್ಟು ಉಳಿಸಿಕೊಂಡಿತು. ಮಲೆನಾಡಿನ ಹಾರುವ ಓತಿಗೆ ೧೯೮೦ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಕಾದಂಬರಿ ಸಾಹಿತ್ಯದಲ್ಲಿ ಮನೆ ಮಾಡಿಕೊಟ್ಟಿತು. ಲೋಕದಲ್ಲಿ ನಾಲ್ಕು ಕೊಂಬು ಹೊತ್ತ ಏಕೈಕ ಕಾಡುಮೃಗ ದುರ್ಗದ ಗುಡ್ಡಗಳಲ್ಲಿದ್ದರೂ ಬಯಲುಸೀಮೆಯ ಬರಹದಲ್ಲಿ ಅದಕ್ಕೆ ಅಂತಹ ಭಾಗ್ಯ ಬಂದಿಲ್ಲ. ಕೋಟೆಯ ವೀರಕಥೆಗಳು ಆ ಗುಡ್ಡಗಳನ್ನು ಯುದ್ಧಭೂಮಿಯಾಗಿ ಕಂಡವು. ಮೃಗಗಳ ಮನೆಯಾಗಿ ಕಂಡುದು ವಿರಳ.

ಹೆಸರುಗಳ ಈ ಚರ್ಚೆ ಪಂಡಿತರ ವಿನೋದವೆಂದು ತಳ್ಳಿಹಾಕತಕ್ಕುದಲ್ಲ. ೧೯೭೨ರ ವನ್ಯಜೀವಿಸಂರಕ್ಷಣೆಯ ಕಾನೂನು ಮೇಲಣ ಮೂರು ಹುಲ್ಲೆಗಳನ್ನೂ ಮೊದಲನೆಯ ಅನುಸೂಚಿಯಲ್ಲಿ ಸೇರಿಸಿತು. ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿ ಕೃಷ್ಣಮೃಗಕ್ಕೂ, ಜಗಳೂರಿನ ರಂಗಯ್ಯನದುರ್ಗದಲ್ಲಿ ೨೦೧೧ರಲ್ಲಿ ಕೊಂಡುಕುರಿಗೂ, ಬುಕ್ಕಾಪಟ್ಟಣದಲ್ಲಿ ೨೦೧೯ರಲ್ಲಿ ಚಿಂಕಾರಕ್ಕೂ ಅಭಯಾರಣ್ಯಗಳಾದವು. ಮೃಗಕ್ಕೊಂದು ಹೆಸರಿದ್ದುದರಿಂದಲೇ ಅದಕ್ಕೊಂದು ನೆಲ ದೊರಕಿತೆಂಬುದನ್ನು ಇಲ್ಲಿ ಕಾಣಬಹುದು. ಇದಕ್ಕೆ ಇದಿರಾಗಿ, ಹುಲ್ಲುಗಾವಲಿಗೆ ಕಡತಗಳಲ್ಲಿ ಬೀಳು, ಬಂಜರು ಎಂಬ ಹೆಸರು ಬಿದ್ದುದರಿಂದ ಅದನ್ನು ಬೇರೆ ಕೆಲಸಕ್ಕೆ ಕೊಡುವುದು ಸುಲಭವಾಯಿತು. ಅಮೃತಮಹಲ್ ದನಗಳಿಗೆಂದು ಮೈಸೂರರಸರ ಕಾಲದಿಂದ ಮೀಸಲಾಗಿದ್ದ ಕಾವಲುಗಳ ಪೈಕಿ ಚಳ್ಳಕೆರೆಯ ಕಡೆಯ ಸಾವಿರಾರು ಎಕರೆಗಳು ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಇತರ ಉಪಯೋಗಕ್ಕೆ ಸಂದವು. ಜಿಂಕೆಯೆಂದರೆ ಕಾಡಿನ ಮೃಗವೆಂದೇ ಕಲಿತವನಿಗೆ ಮರವಿಲ್ಲದ ಬಯಲು ಬರಿದಾಗಿ ಕಾಣುವುದು ಸಹಜ. ಅಲ್ಲಿ ಕಳೆದುಕೊಳ್ಳುವುದಕ್ಕೆ ಏನೂ ಇದೆಯೆಂದು ಅವನಿಗೆ ತೋರುವುದಿಲ್ಲ.

ಸಂಪಾದಕರೂ ಅಧ್ಯಾಪಕರೂ ಮಾಡಬೇಕಾದ ಕಾರ್ಯ ದೊಡ್ಡದಲ್ಲ. ಅರ್ಥಕೋಶದಲ್ಲಿ ಒಂದು ಮಾತಿಗೆ ಬದಲಾಗಿ ಒಂದು ಸಾಲನ್ನು ಬರೆಯುವುದು. ವರ್ಣನೆಯಿಂದ ಮೃಗ ಗುರುತಾದರೆ ಅದನ್ನು ದೇಶ್ಯನಾಮದಿಂದ ಹೇಳುವುದು. ಊರ ಕುರಿಗಾಹಿಗಳು ಬಳಸುವ ಹೆಸರನ್ನು ನಿಘಂಟಿನ ಹೆಸರಿನ ಪಕ್ಕದಲ್ಲಿ ಇಡುವುದು. ಮಾಡದಕೆರೆಯ ಶಾಲೆಯ ಹುಡುಗನು ಶಾಕುಂತಲದ ಮೊದಲ ಅಂಕವನ್ನು ಓದುವಾಗ, ರಾಜನು ಅಟ್ಟಿಬಂದ ಮೃಗ ತನ್ನ ಸೀಮೆಯ ಚಿಗರಿಯೆಂದು ಅರಿತರೆ, ಕಾಳಿದಾಸನ ಒಂದು ಶ್ಲೋಕಕ್ಕೆ ಟೀಕೆ ದೊರೆತಂತಾಗುತ್ತದೆ. ಒಂದು ಕಾವಲಿಗೆ ಸಾಕ್ಷಿಯೂ ದೊರೆತಂತಾಗುತ್ತದೆ.