ಮುರಕಲ್ಲಿನ ಬಾವಿ ನೀರನ್ನು ಪಿಎಚ್ ನೋಡಿ ತಳ್ಳಬೇಡಿ

ಅಮಾಸೆಬೈಲಿನಂಥ ಘಟ್ಟದ ಬುಡದ ಊರುಗಳಲ್ಲಿ ಗಿಡ ಬೆಳೆಸುವ ಅಕ್ವೇರಿಯಂ ಇಡಹೊರಟವರಿಗೆ ಮೊದಲು ಸಿಗುವ ಸಲಹೆ, ‘ಬಾವಿ ನೀರು ಹುಳಿ, ಪಿಎಚ್ 7ಕ್ಕೆ ತನ್ನಿ’ ಎಂಬುದು. ಅದನ್ನು ನಂಬಿದವರು ಪಿಎಚ್ ಏರಿಸುವ ದ್ರಾವಣ ಕೊಳ್ಳುತ್ತಾರೆ, ವಾರ ಕಳೆಯುವುದರೊಳಗೆ ಅಂಕಿ ಮತ್ತೆ ಇಳಿಯುತ್ತದೆ, ಮತ್ತೆ ಸುರಿಯುತ್ತಾರೆ. ಈ ಸಲಹೆಯೇ ತಪ್ಪು ಎಂಬುದು ನನ್ನ ವಾದ. ನಮ್ಮ ನೀರಿಗೆ ಇರುವ ಕೊರತೆ ಪಿಎಚ್‌ನದಲ್ಲ, ಕರಗಿದ ಲವಣಗಳದು. ಅದರಲ್ಲೂ ಬೈಕಾರ್ಬನೇಟಿನದು. ಹವ್ಯಾಸಿಗಳು ಇದನ್ನೇ ಕೆಎಚ್ ಎಂದು ಅಳೆಯುತ್ತಾರೆ.

ಲಕ್ಷಾಂತರ ವರ್ಷಗಳ ಭಾರೀ ಮಳೆ ಇಲ್ಲಿನ ಬಂಡೆಯಿಂದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸಿದೆ. ಆ ಉಳಿಕೆಯೇ ಮುರಕಲ್ಲು. ಅದರೊಳಗಿಂದ ಇಳಿದು ಬರುವ ನೀರಿಗೆ ಸಿಗಲು ಲವಣ ಹೆಚ್ಚಿಲ್ಲ, ಹಾಗಾಗಿ ಅದು ಮೆದು. ಆದರೆ ಬೇರು ಮತ್ತು ಸೂಕ್ಷ್ಮಜೀವಿಗಳು ಉಸಿರಾಡುವ ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ದಂಡಿಯಾಗಿರುತ್ತದೆ, ನೀರು ಅದನ್ನು ಕರಗಿಸಿಕೊಂಡು ಬಾವಿಗೆ ಬರುತ್ತದೆ. ಆಗಷ್ಟೇ ಸೇದಿದ ಕೊಡದಲ್ಲಿ ಪಿಎಚ್ ತಗ್ಗಿ ಕಾಣುವುದಕ್ಕೆ ಬಹುಪಾಲು ಕಾರಣ ಈ ಅನಿಲವೇ. ಅದೇ ನೀರಿಗೆ ಒಂದು ದಿನ ಗಾಳಿಯ ಪಂಪು ಹಾಯಿಸಿ ಮತ್ತೆ ಅಳೆದರೆ ಅಂಕಿ ಏರಿರುತ್ತದೆ. ತೆರೆದಿಟ್ಟ ಸೋಡಾ ಬಾಟಲಿಯಂತೆ ಅನಿಲ ಹೊರಟುಹೋಗಿದೆ, ಅಷ್ಟೇ.

ಇದಕ್ಕೆ ಲೆಕ್ಕವೂ ಇದೆ. ಕೆಎಚ್ 1 ಡಿಗ್ರಿ ಎಂದರೆ ಲೀಟರಿಗೆ ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ 17.8 ಮಿಲಿಗ್ರಾಂ. ಅಂಥ ನೀರಿನಲ್ಲಿ 30 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಇದ್ದರೆ ಪಿಎಚ್ ಸುಮಾರು 6. ಅನಿಲ 3 ಮಿಲಿಗ್ರಾಂಗೆ ಇಳಿದರೆ ಸುಮಾರು 7. ಲವಣ ಒಂದಿಷ್ಟೂ ಬದಲಾಗದೆ ಒಂದೇ ನೀರಿಗೆ ಎರಡು ಪಿಎಚ್! ಅಂದಮೇಲೆ ಪಿಎಚ್ ಒಂದನ್ನೇ ನೋಡಿ ನೀರು ಒಳ್ಳೆಯದು, ಕೆಟ್ಟದ್ದು ಎಂದು ತೀರ್ಮಾನಿಸುವುದು ಹೇಗೆ? ಗಿಡ ಬೆಳೆಸುವವರು ಸಿಲಿಂಡರಿನಿಂದ ಇದೇ ಅನಿಲವನ್ನು 20–30 ಮಿಲಿಗ್ರಾಂ ಮಟ್ಟಕ್ಕೆ ಹಾಯಿಸಿ ದಿನವೂ ಪಿಎಚ್ ಇಳಿಸುತ್ತಾರೆ. ಗಿಡಗಳು ಅದರಿಂದಲೇ ಸೊಂಪಾಗುತ್ತವೆ, ಅನಿಲ ಮಿತಿ ಮೀರದಿದ್ದರೆ ಮೀನಿಗೂ ತೊಂದರೆಯಿಲ್ಲ.

‘ಕೆಎಚ್ ತೀರ ಕಡಿಮೆಯಿದ್ದರೆ ಪಿಎಚ್ ಒಮ್ಮೆಗೇ ಕುಸಿಯುತ್ತದಲ್ಲ’ ಎಂಬ ಆಕ್ಷೇಪದಲ್ಲಿ ಹುರುಳಿದೆ. ಮೀನಿನ ತ್ಯಾಜ್ಯದ ಅಮೋನಿಯಾವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಆಗಿಸುವಾಗ, ಅಮೋನಿಯಾ ರೂಪದ 1 ಮಿಲಿಗ್ರಾಂ ಸಾರಜನಕಕ್ಕೆ ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ (ಅಂದರೆ ಕೆಎಚ್) ಖರ್ಚಾಗುತ್ತದೆ. ಕೆಎಚ್ 1ರ ನೀರು ಬೇಗ ಬರಿದಾದೀತು. ಗಿಡಗಳು ನೈಟ್ರೇಟ್ ಹೀರಿದಾಗ ಇದರಲ್ಲಿ ಒಂದು ಪಾಲು ಮರಳಿ ಬರುತ್ತದೆ, ವಾರಕ್ಕೊಮ್ಮೆ ನೀರು ಬದಲಿಸಿದರೆ ಮತ್ತಷ್ಟು ತುಂಬುತ್ತದೆ. ನಿಜವಾದ ಅಪಾಯ ಇರುವುದು ಪಿಎಚ್ ಕುಸಿದದ್ದನ್ನು ಕಂಡು ಗಾಬರಿಯಿಂದ ಏರಿಸುವುದರಲ್ಲಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿಷಕಾರಿ ರೂಪದ ಅಮೋನಿಯಾದ ಪಾಲು ಪಿಎಚ್ 6ರಲ್ಲಿ ಶೇ 0.06ರಷ್ಟು, 7ರಲ್ಲಿ ಶೇ 0.6, 8ರಲ್ಲಿ ಶೇ 5ಕ್ಕೂ ಹೆಚ್ಚು. ನಿರಪಾಯವಾಗಿದ್ದುದನ್ನು ಸುಣ್ಣದ ತಿಳಿ ಸುರಿದು ನಾವೇ ವಿಷ ಮಾಡಿದಂತಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕೆಎಚ್ 2ರಿಂದ 4ರೊಳಗೆ ನಿಲ್ಲಿಸಿದರೆ ಹೆಚ್ಚಿನ ತೊಟ್ಟಿಗಳಿಗೆ ಸಾಕು. ನೂರು ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಒಂದು ಡಿಗ್ರಿ ಏರಿಸುತ್ತದೆ. ಪೊಟ್ಯಾಸಿಯಂ ಬೈಕಾರ್ಬನೇಟ್ 3.6 ಗ್ರಾಂ ಬೇಕು, ಅದು ಗಿಡಕ್ಕೆ ಗೊಬ್ಬರವೂ ಹೌದು. ಇವನ್ನು ಬದಲಿಸುವ ನೀರಿಗೇ ಬೆರೆಸಿ. ಕ್ಯಾಲ್ಸಿಯಂಗೆ ಜಿಪ್ಸಂ, ಮೆಗ್ನೀಸಿಯಂಗೆ ಎಪ್ಸಂ ಉಪ್ಪು. ನಮ್ಮ ಕರಾವಳಿಯ ಚಿಪ್ಪನ್ನು ತೊಳೆದು ಫಿಲ್ಟರಿನಲ್ಲಿಟ್ಟರೂ ನಡೆಯುತ್ತದೆ: ನೀರು ಹುಳಿಯಾದಷ್ಟೂ ಅದು ಬೇಗ ಕರಗುತ್ತದೆ, ಹುಳಿ ತಗ್ಗಿದಂತೆ ನಿಧಾನವಾಗುತ್ತದೆ. ಸುಟ್ಟ ಸುಣ್ಣ ಮಾತ್ರ ಬೇಡ.

ಮೆದು ನೀರು ಎಲ್ಲ ಗಿಡಕ್ಕೂ ಒಗ್ಗುವುದಿಲ್ಲ ಎನ್ನುವುದೂ ನಿಜ. ಬೈಕಾರ್ಬನೇಟನ್ನೇ ಬಳಸಬಲ್ಲ ವ್ಯಾಲಿಸ್ನೇರಿಯಾಕ್ಕೆ ಗಡಸು ನೀರು ಹಿತ. ಆದರೆ ದಕ್ಷಿಣ ಭಾರತದ್ದೇ ಆದ ರೊಟಾಲಾ ಮ್ಯಾಕ್ರಾಂಡ್ರಾಕ್ಕೆ ಮೆದು ನೀರೇ ಹಿತ. ಆಗುಂಬೆಯ ಬುಡದ ಸೀತಾ ನದಿಯ ಜಾಡಿನಲ್ಲಿ ಸಿಕ್ಕ ಮೀನೊಂದನ್ನು ವಿಜ್ಞಾನಿಗಳು 2010ರಲ್ಲಿ ಹೊಸ ಕುಲವೆಂದೇ ಗುರುತಿಸಿ ಬೀಟಾಡೆವಾರಿಯೊ ರಾಮಚಂದ್ರನಿ ಎಂದು ಹೆಸರಿಟ್ಟರು. ಘಟ್ಟದ ತೊರೆಯ ನೀರಿನಲ್ಲಿ ಇಂಥ ಜೀವಗಳು ವಿಕಾಸಗೊಂಡಿರುವಾಗ ಮೆದು ನೀರನ್ನು ದೋಷವೆನ್ನುವುದು ಸಲ್ಲ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರಿನವರು ದುಡ್ಡು ಕೊಟ್ಟು ಆರ್‌ಒ ಯಂತ್ರದಿಂದ ಲವಣ ತೆಗೆಸುತ್ತಾರೆ. ಕೂಡಿಸುವುದು ಸುಲಭ, ಕಳೆಯುವುದು ಕಷ್ಟ. ಆದ್ದರಿಂದ ಪಿಎಚ್ ದ್ರಾವಣ ಕೊಳ್ಳುವ ಮೊದಲು ಕೆಎಚ್ ಮತ್ತು ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಒಟ್ಟು ಗಡಸುತನ) ಪರೀಕ್ಷೆಯ ಹನಿಗಳನ್ನು ಕೊಳ್ಳಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನಿಮ್ಮ ಬಾವಿಯ ನೀರನ್ನು ಅಳೆದು ಬರೆದಿಡಿ.